ಚಟಪಟ ಅನ್ನದ ಒಗ್ಗರಣೆ

ನನ್ನ ತಮ್ಮ ಸಿಂಹಕ್ಕೆ ಹೆದರೋನಲ್ಲ. ನೈರೋಬಿಯಲ್ಲಿ ಮೇಷ್ಟ್ರಾಗಿ ತಲೆ ಬೆಳ್ಳಗೆ ಮಾಡಿಕೊಂಡೋನು, ಸಿಂಹದ ಮುಂದೆ ಜೀಪು ನಿಲ್ಲಿಸಿ ಬಾಳೆಹಣ್ಣು ಸುಲಿದು ತಿಂದೋನು. ಅವನು ಹೆದರೋದು ಸಾಸಿವೆಗೆ!

ಅಲರ್ಜಿಯಂತೆ. ತಿಂದರೆ ತುಟಿ ಬನ್ನಿನ ಹಾಗೆ ಊದಿ, ಗಂಟಲು ಮುಚ್ಚಿ, ಪ್ರಾಣವೇ ಹೋಗಬಹುದಂತೆ. ಯಾವ ವಯಸ್ಸಲ್ಲಾದರೂ ಬರುತ್ತದೆ ಅಂದರು ಡಾಕ್ಟರು. ನನ್ನ ತಲೆಗೆ ಹೋಗೋದಿಲ್ಲಪ್ಪ. ಸಾಸಿವೆ ತಿಂದೇ ಬೆಳೆದ ಮೈ ಅಲ್ಲವೇ ಅದು? ಮಗುವಾಗಿದ್ದಾಗ ಸಾಸಿವೆ ನಿವಾಳಿಸಿಯೇ ಅವನ ದೃಷ್ಟಿ ತೆಗೀತಿದ್ದೆ. ಈಗ ಸಾಸಿವೆಯ ಕಣ್ಣೇ ಬಿದ್ದರೆ ಇನ್ನೇನು ನಿವಾಳಿಸಲಿ? ಆಲೂಗಡ್ಡೆನಾ?

ಒಂದು ದಿನ ಇಲ್ಲಿನ ಬಾಡಿಗೆ ವ್ಯಾನು ಮಟಾಟುವಿನಲ್ಲಿ ಪಕ್ಕದ ಹೆಂಗಸಿನ ತೊಡೆ ಮೇಲೆ ಉಪ್ಪಿನಕಾಯಿ ಜಾಡಿ ಕಂಡ. ಅಲ್ಲೇ ಇಳಿದ! ಬಿಸಿಲಲ್ಲಿ ಮನೆವರೆಗೂ ನಡೆದ, ನನ್ನನ್ನೂ ನಡೆಸಿದ.

"ಜಾಡಿಗೆ ಮುಚ್ಚಳ ಇತ್ತಲ್ಲೋ!"

"ಮುಚ್ಚಳ ನಂಬೋಕಾಗುತ್ತಾ ಅಕ್ಕ?"

ಮನೆಯಲ್ಲಿ ಜೀರಿಗೆ ಒಗ್ಗರಣೆ. ಅದು ಎಣ್ಣೆಗೆ ಬಿದ್ದರೆ ಸುಂಯ್ ಅಂದು ಸುಮ್ಮನಾಗುತ್ತದೆ. ಅದಕ್ಕೆ ಇವನು ಒಲೆ ಪಕ್ಕ ನಿಂತು ಬಾಯಲ್ಲೇ "ಚಟ್! ಚಟಪಟ!" ಅಂತಾನೆ. ದಿನಾ!

"ಲೋ, ರಿಟೈರ್ ಆದೋನು ನೀನು!"

"ಸದ್ದಿಲ್ಲದ ಸಾರು ಕಷಾಯ ಕಣಕ್ಕ."

ಯುಗಾದಿಗೆ ಇಲ್ಲೇ ಹೈರಿಡ್ಜ್ ಬಡಾವಣೆಯಲ್ಲಿರೋ ಮೈಸೂರಿನ ಹುಡುಗಿಯೊಬ್ಬಳು ಊಟಕ್ಕೆ ಕರೆದಳು. ಇವನು ಬಾಗಿಲಲ್ಲೇ ಕೇಳಿದ, "ಒಗ್ಗರಣೆಗೆ ಸಾಸಿವೆ ಹಾಕಿದ್ದೀರೇನಮ್ಮಾ?"

"ಒಂದು ಕಾಳೂ ಇಲ್ಲ ಸಾರ್. ನಿಮಗೋಸ್ಕರ!"

ಮಾವಿನಕಾಯಿ ಚಿತ್ರಾನ್ನ ಎರಡು ತುತ್ತು ತಿಂದ. ತುಟಿ ಊದಿತು, ಉಸಿರು ಸೀಟಿ ಹೊಡೆಯಿತು. ಸದಾ ಜೇಬಲ್ಲಿಟ್ಟುಕೊಳ್ಳುವ ಸೂಜಿಮದ್ದನ್ನು ತಾನೇ ತೊಡೆಗೆ ಚುಚ್ಚಿಕೊಂಡ. ಜೇಬಲ್ಲಿ ಅದನ್ನು ನೋಡಿ ನಾನು ಮೊದಲು ಎಷ್ಟು ಸಲ ನಕ್ಕಿದ್ದೆನೋ! ಆ ಹುಡುಗಿಯ ಗಂಡ ಕಾರಲ್ಲಿ ಆಸ್ಪತ್ರೆಗೆ ಓಡಿಸಿದ.

ಹುಡುಗಿ ಗೋಳೋ ಅಂತ ಅಳುತ್ತಾಳೆ. "ಒಗ್ಗರಣೆಗೆ ಹಾಕಲೇ ಇಲ್ಲ ಅಜ್ಜಿ! ಕಾಯಿ ಜೊತೆ ರುಬ್ಬೋಕೆ ಮಾತ್ರ..."

ಅವಳನ್ನು ಏನಂತ ಬೈಯಲಿ? ನಮ್ಮ ಕಡೆ ಸಾಸಿವೆ ರುಬ್ಬದೆ ಮಾವಿನಕಾಯಿ ಚಿತ್ರಾನ್ನವೇ ಇಲ್ಲ. ಕೈ ತಾನಾಗಿ ಡಬ್ಬಿಗೆ ಹೋಗಿದೆ.

ಬದುಕಿ ಮನೆಗೆ ಬಂದ. ಗಂಟಲು ಹುಣ್ಣಾದಂತಾಗಿ ಮಾತು ಹೊರಡದು. ಆದರೂ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕೂತ. ನಾನು ಎಣ್ಣೆಗೆ ಜೀರಿಗೆ ಹಾಕಿದೆ. ಸುಂಯ್ ಅಂದು ಸುಮ್ಮನಾಯಿತು. ಅವನು ಬಾಯಿ ತೆರೆದ. ಬರೀ ಗಾಳಿ ಬಂತು.

ಈ ಸಾಸಿವೆಯ ವಿಷಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಾಣಲೆಯಿಂದ ಕಣ್ಣು ಎತ್ತದೆ, ಉಳಿದಿರೋ ನಾಲ್ಕು ಹಲ್ಲಿನ ಬಾಯಲ್ಲಿ ಅಂದೆ:

"ಚಟ್. ಚಟಪಟ."

ಅವನು ತಟ್ಟೆ ಹತ್ತಿರ ಎಳೆದುಕೊಂಡ.