ಹೊರಗಿವಿ ಇಲ್ಲದ ಸಿಂಹಗಳು

ಒದ್ದೆ ಬಟ್ಟೆಯನ್ನು ಸಿಂಹದ ಕಿವಿಗೆ ನೇತುಹಾಕಬಾರದೆಂದು ದೂಳಪ್ಪನಿಗೆ ಹನ್ನೊಂದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಕೊನೆಗೆ ಸಿಂಹವೇ ಹೇಳಿತು. ಬಟ್ಟೆ ಎಳೆದುಕೊಂಡಾಗ ಜೊತೆಗೆ ಕಿವಿಯೂ ಕೈಗೆ ಬಂತು.

ಆ ಕಟ್ಟಡ ಒಂದು ಕಾಲದಲ್ಲಿ ಜನರ ಅರ್ಜಿ ತೆಗೆದುಕೊಳ್ಳುವ ಸರ್ಕಾರಿ ಕಚೇರಿ. ಈಗ ಟಿಕೆಟ್ ಕೊಂಡು ನೋಡುವ ಮ್ಯೂಸಿಯಂ. ಕಟ್ಟಿಸಿದ ಪುಣ್ಯಾತ್ಮನಿಗೆ ಖಾಲಿ ಗೋಡೆ ಕಂಡರೆ ಆಗುತ್ತಿರಲಿಲ್ಲವೇನೋ. ಕಂಬಕ್ಕೆಲ್ಲ ಗಾರೆಯ ಬಳ್ಳಿ, ಬಳ್ಳಿಯ ತುಂಬ ಗಿಳಿ, ಕಮಾನಿಗೆ ಬಣ್ಣದ ಗಾಜು, ಗೋಪುರದ ನೆತ್ತಿಗೊಂದು ಮರಿಗೋಪುರ. ಹೆಬ್ಬಾಗಿಲ ಎಡಬಲಕ್ಕೆ ಗಾರೆಯ ಎರಡು ಸಿಂಹ. ಅವುಗಳ ದೂಳು ಒರೆಸುವುದೇ ಅವನ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಹೆಸರು ಕಾಯಂ ಆಗಿತ್ತು, ಕೆಲಸ ಇನ್ನೂ ಆಗಿರಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಬರುವ ದೊಡ್ಡ ಸಾಹೇಬರು ಕಾಗದಕ್ಕೆ ಸಹಿ ಹಾಕಿದರೆ ಅದೂ ಆಗುವುದಿತ್ತು.

ಕಿವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಟಿಕೆಟ್ ಕೊಡುವ ಅಕ್ಕನ ಬಳಿಗೆ ಓಡಿದ.

"ಅಕ್ಕಾ, ಕೆಟ್ಟೆ ನಾನು."

"ಇಷ್ಟಕ್ಕೇ ಅಳ್ತಾರೇನೋ? ಅಂಟಿಸು," ಎಂದು ಅಕ್ಕ ಗೋಂದಿನ ಬಾಟಲಿ ಕೊಟ್ಟಳು.

ಕಿವಿ ನಿಂತಿತು. ಹತ್ತು ಎಣಿಸುವಷ್ಟರಲ್ಲಿ ಮೆಲ್ಲಗೆ ಜಾರಿ ಸಿಂಹದ ಗಲ್ಲಕ್ಕೆ ಬಂದು ಕೂತಿತು.

ಗಿಡಕ್ಕೆ ನೀರು ಬಿಡುತ್ತಿದ್ದ ಮಾಲಿ ಪೈಪ್ ಬಿಸಾಡಿ ಬಂದ. "ಒಂದಕ್ಕೆ ಇಲ್ದಿದ್ರೆ ಮುರಿದಿದ್ದು ಅಂತಾರೆ. ಎರಡಕ್ಕೂ ಇಲ್ದಿದ್ರೆ ಮಾಡಿದ್ದೇ ಹಾಗೆ ಅಂತಾರೆ."

ಬೇಡ ಎನ್ನಲು ದೂಳಪ್ಪ ಬಾಯಿ ತೆರೆಯುವುದರೊಳಗೆ ಇನ್ನೊಂದು ಸಿಂಹದ ಹೊರಗಡೆಯ ಕಿವಿಗೆ ಗುದ್ದಲಿಯ ಹಿಂಬದಿಯಿಂದ ಒಂದೇ ಏಟು. ಈಗ ಎರಡು ಸಿಂಹಕ್ಕೂ ಬಾಗಿಲ ಕಡೆಯ ಕಿವಿ ಮಾತ್ರ ಉಳಿಯಿತು. ಮುರಿದ ಜಾಗ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಹನ್ನೊಂದು ವರ್ಷ ದೂಳು ಒರೆಸಿದವನು ಅಂಗಳದ ದೂಳನ್ನು ಬೊಗಸೆಯಲ್ಲಿ ತಂದು ಅಲ್ಲಿಗೆ ತಿಕ್ಕಿದ. ಕಿವಿಗಳನ್ನು ಊಟದ ಚೀಲಕ್ಕೆ ಹಾಕಿಕೊಂಡ.

"ಸಾಹೇಬ್ರು ಕೇಳಿದ್ರೆ ಏನು ಹೇಳೋದು?"

ಅದಕ್ಕೂ ಜನ ಇದ್ದರು. ಅದೇ ಕಚೇರಿಯಲ್ಲಿ ಹೆಡ್ ಗುಮಾಸ್ತರಾಗಿ ನಿವೃತ್ತರಾದರೂ ದಿನಾ ಬಂದು ಜಗಲಿಯಲ್ಲಿ ಪೇಪರ್ ಓದುವ ಹಿರಿಯರು ಪೇಪರ್ ಮಡಿಸಿದರು. "ನೀನು ಬಾಯಿ ಬಿಡ್ಬೇಡ. ಚರಿತ್ರೆ ನನಗೆ ಬಿಡು."

ಸಾಹೇಬರು ಬಂದರು, ಕನ್ನಡಕ ಏರಿಸಿದರು. "ಇದೇನ್ರೀ, ಹೊರಗಡೆ ಕಿವಿನೇ ಇಲ್ಲ?"

"ಅದೇ ಸ್ವಾಮಿ ಈ ಕಟ್ಟಡದ ಗುಟ್ಟು," ಎಂದರು ಹೆಡ್ ಗುಮಾಸ್ತರು. "ಅರ್ಜಿ ಹಿಡ್ಕೊಂಡು ಜನ ನಿಲ್ತಾ ಇದ್ದಿದ್ದು ಹೊರಗಡೆ. ಆ ಕಡೆ ಕಿವಿ ಇಡ್ಲಿಲ್ಲ. ಸಾಹೇಬ್ರು ಕೂರ್ತಾ ಇದ್ದಿದ್ದು ಒಳಗಡೆ. ಆ ಕಡೆ ಇಟ್ರು."

ಸಾಹೇಬರು ಎರಡೂ ಸಿಂಹಗಳಿಗೆ ಒಂದೊಂದು ಸುತ್ತು ಬಂದರು. ದೂಳಪ್ಪ ಊಟದ ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ಮೂವತ್ತು ವರ್ಷದ ಸರ್ವೀಸಲ್ಲಿ ಇಷ್ಟು ಸತ್ಯವಾದ ಶಿಲ್ಪ ನಾನು ನೋಡಿಲ್ಲ," ಎಂದರು ಸಾಹೇಬರು. "ಎರಡಕ್ಕೂ ನಾಳೆನೇ ಗಾಜಿನ ಪೆಟ್ಟಿಗೆ ಮಾಡಿಸಿ. ಯಾರ ಕೈಯೂ ತಾಗಬಾರ್ದು."

ದೂಳಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಸಾಹೇಬರು ಅವನ ಕಾಗದ ತೆಗೆದುಕೊಂಡು ಪೆನ್ನಿನ ಮುಚ್ಚಳ ಬಿಚ್ಚಿದರು. "ನಿನ್ನ ಕೆಲಸ ಏನಪ್ಪಾ?"

"ಸಿಂಹದ ದೂಳು ಒರೆಸೋದು, ಸ್ವಾಮಿ."

ಸಾಹೇಬರು ಸಿಂಹವನ್ನು ನೋಡಿದರು, ಕಾಗದವನ್ನು ನೋಡಿದರು. "ಗಾಜಿನೊಳಗೆ ದೂಳೆಲ್ಲಿ ಬರುತ್ತೆ?" ಎಂದು ಮುಚ್ಚಳ ಹಾಕಿ, ಕಾಗದ ವಾಪಸ್ ಕೊಟ್ಟು, ಕಾರಿನತ್ತ ನಡೆದರು.

ದೂಳಪ್ಪ ಮೆಟ್ಟಿಲಿಳಿದು ಹಿಂದೆಯೇ ಓಡಿದ. ಊಟದ ಚೀಲದಿಂದ ಎರಡೂ ಕಿವಿ ತೆಗೆದು ಎತ್ತಿ ಹಿಡಿದ. "ಸ್ವಾಮಿ, ಅದೆಲ್ಲ ಸುಳ್ಳು. ಕಿವಿ ಮುರಿದಿದ್ದು ನಾವೇ. ಇಲ್ಲಿ ನೋಡಿ, ಇಲ್ಲೇ ಇದೆ."

ಸಾಹೇಬರು ಕಾರಿನಲ್ಲಿ ಕೂತು, ತಿರುಗಿಯೂ ನೋಡದೆ ಗಾಜು ಏರಿಸುತ್ತ ಅಂದರು:

"ಏನಿದ್ರೂ ಅರ್ಜಿ ಬರ್ದು ಕೊಡಪ್ಪಾ."