ಬೇಸ್ ಗಿಟಾರಿಗೆ ನಾನು ಕೊಟ್ಟ ಅರ್ತು

ಕರೆಂಟಿನ ವಿಷಯದಲ್ಲಿ ಒಬ್ಬ ಹೆಂಗಸಿಗೆ ತಿಳಿದಿರಬೇಕಾದದ್ದನ್ನೆಲ್ಲ ನಮ್ಮ ತೋಟದ ಪಂಪ್‌ಸೆಟ್ಟೇ ನನಗೆ ಕಲಿಸಿಕೊಟ್ಟಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಮೋಟರಿನ ಮೈಗೆ ಒಂದು ತಂತಿ ಕಟ್ಟಬೇಕು, ಅದರ ಇನ್ನೊಂದು ತುದಿಯನ್ನು ಗುಂಡಿಯಲ್ಲಿ ಹೂಳಬೇಕು, ಗುಂಡಿಗೆ ಉಪ್ಪು, ಇದ್ದಿಲು ತುಂಬಿ ಬೇಸಿಗೆಯಲ್ಲಿ ದಿನಾ ಒಂದು ಬಿಂದಿಗೆ ನೀರು ಹುಯ್ಯಬೇಕು ಎಂಬುದು ಗೊತ್ತಿತ್ತು. ಅದಕ್ಕೆ ಅರ್ತು ಎನ್ನುತ್ತಾರೆ. ಅರ್ತು ಸರಿಯಿದ್ದರೆ ಕರೆಂಟು ಮನುಷ್ಯನನ್ನು ಬಿಟ್ಟು ನೆಲಕ್ಕೆ ಹೋಗುತ್ತದೆ. ಇಷ್ಟು ಬಲ್ಲವಳಿಗೆ ಗಂಡನನ್ನು ಉಳಿಸಿಕೊಳ್ಳುವುದು ಯಾವ ದೊಡ್ಡ ಕೆಲಸ ಎಂದುಕೊಂಡೆ. ಅನಾಹುತ ಶುರುವಾದದ್ದೇ ಅಲ್ಲಿಂದ.

ಎಂಬತ್ತರ ದಶಕದ ಮಾತು. ನಮ್ಮ ಯಜಮಾನರು ಶ್ರೀನಿವಾಸಪುರದ ಮಂಡಿಗಳಿಗೆ ಮಾವಿನಹಣ್ಣಿನ ಪೆಟ್ಟಿಗೆ ಹೊಡೆದುಕೊಡುತ್ತಿದ್ದರು. ಮಾವಿನ ಕಾಲ ಮುಗಿದರೆ ಕೈಗೆ ಕೆಲಸವಿಲ್ಲ. ಆಗ ಅವರ ಗೆಳೆಯರೆಲ್ಲ ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದರು. ಟೈಲರ್ ವೆಂಕಟರಮಣ ಹಾಡುವವನು. ಹಾರ್ಮೋನಿಯಂ, ಢೋಲಕ್ ಬೇರೆಯವರ ಪಾಲಾದವು. ನಮ್ಮವರ ಪಾಲಿಗೆ ಏನೂ ಉಳಿಯಲಿಲ್ಲ. ಕೋಲಾರದಲ್ಲಿ ಯಾವುದೋ ಕಾರ್ಯಕ್ರಮದಲ್ಲಿ ಬೇಸ್ ಗಿಟಾರ್ ನೋಡಿ ಬಂದರು. ಬಂದವರೇ ಹಲಸಿನ ಹಲಗೆ ಕೊಯ್ದು ತಾವೇ ಒಂದನ್ನು ಮಾಡಿದರು. ನಾಲ್ಕೇ ತಂತಿ, ಒಂದೊಂದೂ ಎತ್ತಿನ ಮೂಗುದಾರದಷ್ಟು ದಪ್ಪ. ಮೊದಲ ದಿನ ಢುಂ ಢುಂ ಎನ್ನಿಸಿದಾಗ ಅದು ಯಾವ ಹಾಡು ಎಂದು ಕೇಳಿದೆ.

"ಹಾಡಲ್ಲ ಕಣೇ, ಹಾಡಿನ ಕೆಳಗಿರೋದು."

"ಹಾಡಿನ ಕೆಳಗೆ ಏನಿರುತ್ತೆ?"

"ನಾನಿರ್ತೀನಿ."

ಇರಲಿ, ನನ್ನ ಗಂಟೇನು ಹೋಯಿತು ಎಂದು ಒಲೆ ಮುಂದಕ್ಕೆ ಹೋದೆ. ಆದರೆ ಆ ಗಿಟಾರು ತಾನಾಗಿ ಸದ್ದು ಮಾಡುವುದಿಲ್ಲ, ಅದಕ್ಕೆ ಕರೆಂಟು ಬೇಕು ಎಂದು ತಿಳಿದ ದಿನ ನನ್ನ ಎದೆಗೆ ಭಯ ಹೊಕ್ಕಿತು. ಮೈಕ್ ಸೆಟ್ಟಿನವನೊಬ್ಬ ಬಿಸಾಕಿದ್ದ ಕಬ್ಬಿಣದ ಆಂಪ್ಲಿಫೈಯರ್ ಒಂದು ಮನೆಗೆ ಬಂತು. ಒಳಗೆ ಗಾಜಿನ ವಾಲ್ವುಗಳು ಕೆಂಡದ ಹಾಗೆ ಉರಿಯುತ್ತಿದ್ದವು. ಸ್ಪೀಕರಿಗೆ ಮಾವಿನ ಪೆಟ್ಟಿಗೆಯ ಹಲಗೆಯದೇ ಡಬ್ಬ. ನುಡಿಸಿದರೆ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳೆಲ್ಲ ಗುಂಯ್ ಎನ್ನುತ್ತಿದ್ದವು. ಸದರಿ ಯಂತ್ರ ಕಚ್ಚುತ್ತಲೂ ಇತ್ತು. ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಗುಲಿಸಿದರೆ ಚುರ್! ಇವರು ತುಟಿ ಒರೆಸಿಕೊಂಡು ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ನಮ್ಮ ಪಕ್ಕದ ಹೊಲದವರ ಎತ್ತು ಲೈಟು ಕಂಬದ ತಂತಿಗೆ ಮೈ ಉಜ್ಜಿ, ನಿಂತ ನಿಲುವಿನಲ್ಲೇ ಸತ್ತಿತ್ತು. ಅಂಥ ಎತ್ತೇ ಉಳಿಯಲಿಲ್ಲ. ನಮ್ಮ ಯಜಮಾನರು ಅದರ ಕಾಲು ಭಾಗವೂ ಇರಲಿಲ್ಲ. ಅಂದಿನಿಂದ ಆ ಡಬ್ಬ ಗುಂಯ್ ಎಂದರೆ ಸಾಕು, ನಾನು ಒಲೆ ಮುಂದಿನಿಂದ ಎದ್ದು ಬಂದು ಇವರು ಉಸಿರಾಡುತ್ತಿದ್ದಾರೆಯೇ ಎಂದು ನೋಡಿ ಹೋಗುತ್ತಿದ್ದೆ.

ಹೀಗಿರುವಾಗ ನನ್ನ ನಾದಿನಿ ರತ್ನಳ ಮದುವೆ ಗೊತ್ತಾಯಿತು. ಗಂಡು ಗೌನಿಪಲ್ಲಿ ಕಡೆಯವನು. ಮದುವೆ ನಮ್ಮ ಮನೆ ಮುಂದಿನ ಚಪ್ಪರದಲ್ಲಿ. ಧಾರೆ ಮುಗಿದು ಊಟಕ್ಕೆ ಕೂತಾಗ ನಮ್ಮ ಆರ್ಕೆಸ್ಟ್ರಾ ನುಡಿಸುತ್ತದೆ ಎಂದು ಇವರು ಸಾರಿಬಿಟ್ಟರು. ತಂಗಿಯ ಮದುವೆಯಂತೆ, ಮೊದಲ ಕಾರ್ಯಕ್ರಮವಂತೆ! ನನ್ನ ಕಣ್ಣಿಗೆ ಕಂಡದ್ದು ಒಂದೇ: ಹಸಿ ಸಗಣಿ ಸಾರಿಸಿದ ನೆಲ, ಅದರ ಮೇಲೆ ಬರಿಗಾಲಲ್ಲಿ ನಿಂತ ಗಂಡ.

ರಬ್ಬರ್ ಚಪ್ಪಲಿ ಹಾಕಿಕೊಳ್ಳಲಿ ಎಂದೆ. ದೇವರ ಮುಂದೆ, ಧಾರೆಯ ಚಪ್ಪರದಲ್ಲಿ ಚಪ್ಪಲಿಯೇ ಎಂದು ನಮ್ಮತ್ತೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆ ಒಂದು ದಿನ ಕರೆಂಟು ಹೋಗಲಿ ಎಂದು ಕುರುಡುಮಲೆ ಗಣಪನಿಗೆ ಇಪ್ಪತ್ತೊಂದು ತೆಂಗಿನಕಾಯಿ ಹರಸಿಕೊಂಡೆ. ದಿನಕ್ಕೆ ಐದು ಸಲ ಹೋಗುತ್ತಿದ್ದ ಕರೆಂಟು ಅವತ್ತು ಕಣ್ಣು ಕೂಡ ಮಿಟುಕಿಸಲಿಲ್ಲ. ಉಳಿದದ್ದು ಅರ್ತು. ಗುದ್ದಲಿ ತೆಗೆದುಕೊಂಡು ಹೊರಟೆ. ಅತ್ತೆ ಗುದ್ದಲಿ ಕಿತ್ತುಕೊಂಡರು.

"ಹಾಲುಗಂಬ ನೆಟ್ಟ ಮೇಲೆ ಚಪ್ಪರ ಇಳಿಸೋವರ್ಗೂ ನೆಲ ಅಗೀಬಾರ್ದು ಅಂತ ನಿಮ್ಮಮ್ಮ ಹೇಳ್ಕೊಟ್ಟಿಲ್ವೇನೇ?"

ಹೇಳಿಕೊಟ್ಟಿದ್ದಳು. ಗಾಬರಿಯಲ್ಲಿ ಮರೆತಿದ್ದೆ.

ಆಗ ಕೂತು ಲೆಕ್ಕಾಚಾರ ಹಾಕಿದೆ. ಅರ್ತಿಗೆ ಬೇಕಾದದ್ದು ನೆಲ, ಉಪ್ಪು, ಇದ್ದಿಲು, ನೀರು. ನೆಲ ಸಿಗದಿದ್ದರೆ ಹೋಗಲಿ, ಮಿಕ್ಕ ಮೂರನ್ನು ಧಾರಾಳವಾಗಿ ಕೊಟ್ಟರಾಯಿತು! ಚಪ್ಪರದ ಮೂಲೆಯಲ್ಲಿ ಜನ ಕೈ ತೊಳೆಯಲೆಂದು ಕಲ್ಲು ಚಪ್ಪಡಿಗಳ ಮೇಲೆ ಕಬ್ಬಿಣದ ಡ್ರಮ್ಮು ಇಟ್ಟು ನಲ್ಲಿ ಕೂರಿಸಿದ್ದರು. ಇನ್ನೂರು ಲೀಟರು ನೀರು. ಯಾವ ಪಂಪ್‌ಸೆಟ್ಟಿನ ಗುಂಡಿಗೂ ಈ ಭಾಗ್ಯ ಇರಲಿಲ್ಲ. ಬೆಳಿಗ್ಗೆ ಯಾರೂ ಇಲ್ಲದಾಗ ಮುಚ್ಚಳ ತೆಗೆದು ಎರಡು ಸೇರು ಕಲ್ಲುಪ್ಪು, ಒಂದು ಮಂಕರಿ ಇದ್ದಿಲು ಸುರಿದೆ. ಪ್ಲಗ್ಗು ಹಾಕಿಲ್ಲವೆಂದು ನಾಲ್ಕು ಸಲ ನೋಡಿ, ಹಳೆ ತಂತಿಯ ಒಂದು ತುದಿಯನ್ನು ಆಂಪ್ಲಿಫೈಯರಿನ ಹಿಂದಿನ ಸ್ಕ್ರೂಗೆ ಸುತ್ತಿದೆ. ತಂತಿಯನ್ನು ಜಮಖಾನೆಯ ಅಡಿಯಲ್ಲಿ ತಂದು ಇನ್ನೊಂದು ತುದಿಯನ್ನು ಡ್ರಮ್ಮಿನ ನಲ್ಲಿಗೆ ಬಿಗಿದೆ. ಯಾರಿಗೂ ಹೇಳಲಿಲ್ಲ. ಗಂಡನ ಜೀವ ಉಳಿಸಿದ್ದನ್ನು ಡಂಗುರ ಹೊಡೆಯುವ ಜಾತಿಯವಳಲ್ಲ ನಾನು.

ಧಾರೆ ಸಾಂಗವಾಗಿ ಮುಗಿಯಿತು. ಮೊದಲ ಪಂಕ್ತಿಗೆ ಎಲೆ ಹಾಕಿದರು. ಪ್ಲಗ್ಗು ಚುಚ್ಚಿದರು. ವೆಂಕಟರಮಣ ಹಾಡು ಎತ್ತಿಕೊಂಡ, ಇವರು ಢುಂ ಎಂದರು. ನಾನು ಅಡುಗೆಯವರ ಹತ್ತಿರ ಮುದ್ದೆ ಕೋಲು ಹಿಡಿದು ನಿಂತು ಇವರನ್ನೇ ನೋಡುತ್ತಿದ್ದೆ. ತಾಳಕ್ಕೆ ತಲೆ ಕುಣಿಸಿದರೆ ಷಾಕು ಹೊಡೆಯಿತು ಎಂದು ಒಂದು ಹೆಜ್ಜೆ ಮುಂದಿಡುತ್ತಿದ್ದೆ. ಕಣ್ಣು ಮುಚ್ಚಿದರೆ ಹೋದರು ಎಂದುಕೊಳ್ಳುತ್ತಿದ್ದೆ. ಮತ್ತೆ ಕಣ್ಣು ಬಿಡುತ್ತಿದ್ದರು. ಮೂರು ಹಾಡು ಮುಗಿದವು. ಮನುಷ್ಯ ಬದುಕಿಯೇ ಇದ್ದರು. ನನ್ನ ಅರ್ತು ಕೆಲಸ ಮಾಡುತ್ತಿದೆ ಎಂದು ಮೊದಲ ಸಲ ಉಸಿರು ಬಿಟ್ಟೆ.

ಆಗ ಬೀಗರು, ಅಂದರೆ ಗಂಡಿನ ತಂದೆ, ಊಟ ಮುಗಿಸಿ ಕೈ ತೊಳೆಯಲು ಎದ್ದರು.

ನಲ್ಲಿಯ ಕೆಳಗಿನ ನೆಲ ಒದ್ದೆ. ಕಾಲು ಬರಿಗಾಲು. ಎಂಜಲು ಕೈ ನಲ್ಲಿಗೆ ತಗುಲಿದ್ದೇ ತಡ, "ಸಚ್ಚಿಪೋತಿನಿ!" ಎಂದು ತೆಲುಗಿನಲ್ಲಿ ಕೂಗಿ ಒಂದು ಮೊಳ ಹಿಂದಕ್ಕೆ ಹಾರಿದರು. ಸತ್ತೆ ಎಂದು ಅವರು ಕೂಗಿದ್ದು ಊಟಕ್ಕೆ ಕೂತವರಿಗೆಲ್ಲ ಕೇಳಿಸಿತು. ಏನಾಯಿತು ಎಂದು ನೋಡಲು ಬಂದ ಅವರ ಅಕ್ಕನೂ ನಲ್ಲಿ ಮುಟ್ಟಿ ಹಾರಿದರು. ಮೂರನೆಯವನು ಜಾಣ, ನಲ್ಲಿ ಮುಟ್ಟದೆ ಮುಚ್ಚಳ ತೆಗೆದು ಚೊಂಬು ಅದ್ದಲು ಹೋದ. ಅವನು ಚೊಂಬಿನ ಸಮೇತ ಹಾರಿದ. ಒಳಗಿನ ಮಸಿ ನೀರು ಮೂವರ ಮೇಲೂ ಚೆಲ್ಲಿತು. ಬಿಳಿ ಪಂಚೆಯ ಬೀಗರು ಕರಿ ಪಂಚೆಯ ಬೀಗರಾದರು. ಈ ಮನೆ ನೀರಲ್ಲೇ ಏನೋ ಇದೆ, ಹೆಣ್ಣನ್ನು ಕರೆದುಕೊಂಡು ಹೋಗುವುದೋ ಬೇಡವೋ ಯೋಚನೆ ಮಾಡಿ ಎಂದು ಅಕ್ಕನವರು ಶುರುಮಾಡಿದರು. ರತ್ನ ಅಳತೊಡಗಿದಳು.

ಬುದ್ಧಿಯಿರುವವಳಾಗಿದ್ದರೆ ಪ್ಲಗ್ಗು ಕೀಳುತ್ತಿದ್ದೆ. ನನ್ನ ತಲೆಗೆ ಬಂದದ್ದೇ ಬೇರೆ. ಡ್ರಮ್ಮಿನಲ್ಲೇ ಇಷ್ಟು ಕರೆಂಟಿದ್ದರೆ ಗಿಟಾರಿನಲ್ಲಿ ಎಷ್ಟಿರಬೇಡ? ತಿರುಗಿ ನೋಡಿದೆ. ಗದ್ದಲ ಕೇಳಿಸದ ನಮ್ಮ ಯಜಮಾನರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೈಯೆಲ್ಲ ಅಲ್ಲಾಡಿಸುತ್ತ ನಿಂತಿದ್ದರು. ಅದು ಹಾಡಿನ ಮಜಾ ಎಂದು ನನಗೆ ಹೇಗೆ ಗೊತ್ತಾಗಬೇಕು? ಎತ್ತು ಕಳೆದುಕೊಂಡ ಪಕ್ಕದ ಹೊಲದವರು ಹೇಳಿದ್ದರು: ಕರೆಂಟು ಹಿಡಿದವರನ್ನು ಕೈಯಲ್ಲಿ ಮುಟ್ಟಬಾರದು, ಒಣ ಮರದಿಂದ ಹೊಡೆದು ಬಿಡಿಸಬೇಕು.

ನನ್ನ ಕೈಯಲ್ಲಿ ಮುದ್ದೆ ಕೋಲಿತ್ತು.

ಓಡಿದವಳೇ ಅವರ ಎಡ ಮುಂಗೈಗೆ ಒಂದು ಬಿಟ್ಟೆ. ಗಿಟಾರು ಬಿಡಲಿಲ್ಲ. ಇನ್ನೊಂದು ಬಿಟ್ಟೆ. ಅವರು ಗಿಟಾರಿನ ಸಮೇತ ಸ್ಪೀಕರ್ ಡಬ್ಬದ ಮೇಲೆ ಬಿದ್ದರು. ಮಾವಿನ ಪೆಟ್ಟಿಗೆಯ ಹಲಗೆ ಮಾವಿನ ಭಾರವನ್ನಷ್ಟೇ ಹೊರುತ್ತದೆ. ಲಟಾರನೆ ಮುರಿಯಿತು. ವೆಂಕಟರಮಣನ ಬಾಯಿ ತೆರೆದಿತ್ತು, ಹಾಡು ಬರುತ್ತಿರಲಿಲ್ಲ.

"ಯಾಕೇ ಹೊಡೀತೀಯ? ನಾನೇನು ಮಾಡ್ದೆ?" ಎಂದರು ಇವರು, ಬಿದ್ದಲ್ಲಿಂದಲೇ.

"ಬದುಕಿದೀರಾ?"

"ಇಲ್ಲೀವರ್ಗೂ ಬದುಕಿದ್ದೆ."

ಅಷ್ಟರಲ್ಲಿ ಬೀಗರು ನಲ್ಲಿಯಿಂದ ಹೊರಟ ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸುತ್ತ, ಜಮಖಾನೆ ಎತ್ತುತ್ತ ಆಂಪ್ಲಿಫೈಯರಿನವರೆಗೆ ಬಂದರು. ಮೀಸೆಯಿಂದ ಮಸಿ ತೊಟ್ಟಿಕ್ಕುತ್ತಿತ್ತು. ಮೂರು ಪಂಪ್‌ಸೆಟ್ಟು ಇಟ್ಟಿದ್ದ ಮನುಷ್ಯ. ಪ್ಲಗ್ಗು ಕಿತ್ತರು. ಎರಡು ಕಡ್ಡಿಯ ಪ್ಲಗ್ಗು ಅದು. ಅದನ್ನು ತಿರುವಿ, ಬಲಗಡೆಯ ಕಡ್ಡಿಯನ್ನು ಎಡಕ್ಕೆ ಮಾಡಿ ಮತ್ತೆ ಚುಚ್ಚಿ, ಹಿಂಗೈಯಿಂದ ಆಂಪ್ಲಿಫೈಯರಿನ ಮೈ ಮುಟ್ಟಿದರು. ಏನೂ ಇಲ್ಲ. ತಿಂಗಳುಗಟ್ಟಲೆ ನನ್ನ ನಿದ್ದೆ ತಿಂದ ಕರೆಂಟು ಒಂದು ಪ್ಲಗ್ಗು ತಿರುವಿದ್ದಕ್ಕೆ ಸುಮ್ಮನಾಗಿತ್ತು. ಕಲ್ಲಿನ ಮೇಲೆ ಕೂತ ಡ್ರಮ್ಮಿನಿಂದ ಕರೆಂಟು ನೆಲಕ್ಕೆ ಹೇಗೆ ಇಳಿದೀತು, ಈ ತಂತಿ ಕಟ್ಟಿದವರು ಯಾರು ಎಂದು ಕೇಳಿದರು. ಎಲ್ಲರೂ ಮುದ್ದೆ ಕೋಲು ಹಿಡಿದಿದ್ದವಳನ್ನೇ ನೋಡಿದರು.

"ಉಪ್ಪು ಎಷ್ಟು ಹಾಕ್ದೆಯಮ್ಮಾ?"

"ಎರಡು ಸೇರು."

"ನಮ್ಮ ಬೋರ್‌ವೆಲ್ಲಿಗೂ ನಾನು ಅಷ್ಟು ಹಾಕಿಲ್ಲ" ಎಂದವರೇ ನಗತೊಡಗಿದರು. ಬೀಗರು ನಕ್ಕ ಮೇಲೆ ಅಕ್ಕನವರೂ ಸುಮ್ಮನಾಗಬೇಕಾಯಿತು. ರತ್ನ ಗಂಡನ ಮನೆಗೆ ಹೋದಳು. ಅವತ್ತು ಕರೆಂಟಿನಿಂದ ಯಾರಿಗೂ ಏನೂ ಆಗಲಿಲ್ಲ. ಪೆಟ್ಟಾದದ್ದು ಒಬ್ಬರಿಗೇ, ಅದೂ ನನ್ನಿಂದ. ಮುಂಗೈ ಊದಿಕೊಂಡು ಇಡೀ ಮಾವಿನ ಕಾಲ ಪೆಟ್ಟಿಗೆ ಹೊಡೆಯಲಾಗದೆ ಇವರು ಜಗಲಿಯ ಮೇಲೆ ಕೂತರು. ಕೇಳಿದವರಿಗೆಲ್ಲ ಷಾಕು ಹೊಡೆಯಿತು ಎಂದೇ ಹೇಳಿಕೊಂಡರು.

ಕೈ ವಾಸಿಯಾದ ಮೇಲೆ ಮತ್ತೆ ನುಡಿಸಿದರು, ಹತ್ತಾರು ವರ್ಷ ನುಡಿಸಿದರು. ಕರೆಂಟಿಗೆ ಎಂದೂ ಹೆದರದ ಆಸಾಮಿ, ಈಗ ಹೆಗಲಿಗೆ ಗಿಟಾರು ಹಾಕಿಕೊಂಡ ಕೂಡಲೇ ಜನರ ನಡುವೆ ನಾನೆಲ್ಲಿ ಕೂತಿದ್ದೇನೆ ಎಂದು ಹುಡುಕುತ್ತಿದ್ದರು. ನಾನು ಎರಡೂ ಕೈ ಎತ್ತಿ, ಖಾಲಿ ಇವೆ ಎಂದು ತೋರಿಸಬೇಕಾಗಿತ್ತು. ಅಕ್ಕಪಕ್ಕದವರು ನಾನು ದೇವರಿಗೆ ಕೈ ಮುಗಿಯುತ್ತಿದ್ದೇನೆ ಎಂದುಕೊಂಡು ತಾವೂ ಎತ್ತುತ್ತಿದ್ದರು. ಆಮೇಲೆ ಇವರು ಢುಂ ಎನ್ನುತ್ತಿದ್ದರು.