ಬ್ಯಾಂಡ್‌ಸೆಟ್‌ನವರ ಕೌಬಾಯ್ ಸಿನಿಮಾ

ನಾವು ಬ್ಯಾಂಡ್‌ಸೆಟ್‌ನವರು ಯಾವ ಕೆಲಸಕ್ಕೆ ಕೈ ಹಾಕಿದರೂ ಕೊನೆಗೆ ಅದು ಮದುವೆಯೇ ಆಗಿಬಿಡುತ್ತದೆ. ನಾನು ಚನ್ನಗಿರಿಯಲ್ಲಿ ಕ್ಲಾರಿನೆಟ್ ಊದುವವನು. ಮದುವೆಮನೆಗಳಿಗೆಲ್ಲ ಡಿಜೆ ಬಂದು ನಮ್ಮನ್ನು ಕೇಳುವವರೇ ಇಲ್ಲವಾದಾಗ ನಮ್ಮ ಮಾಸ್ಟರ್ ಹಟಕ್ಕೆ ಬಿದ್ದರು.

"ಜನ ನಮ್ಮನ್ನ ಸಿನಿಮಾದಾಗೆ ನೋಡ್ಲಿ. ಆಮೇಲೆ ಹೆಂಗೆ ಕರೆಯಲ್ಲ, ನಾನೂ ನೋಡ್ತೀನಿ."

ಮದುವೆ ವಿಡಿಯೊ ತೆಗೆಯುವವರೊಬ್ಬರು ನಿರ್ದೇಶಕರಾದರು. ಹಾಡು, ಕುದುರೆ, ಪಿಸ್ತೂಲು ಎಲ್ಲ ಇರುವ ಕೌಬಾಯ್ ಚಿತ್ರ. ಬ್ಯಾಂಡ್‌ನವರಿಗೆಲ್ಲ ಅಗಲವಾದ ಟೋಪಿ.

ಕುದುರೆ

ಹೊನ್ನಾಳಿಯಲ್ಲಿ ನಮಗೆ ಸಿಕ್ಕಿದ್ದು ಮದುಮಗನನ್ನು ಕೂರಿಸುವ ಮೆರವಣಿಗೆ ಕುದುರೆ. ಬ್ಯಾಂಡ್ ಬಾರಿಸದಿದ್ದರೆ ಅದು ಕಾಲೇ ಎತ್ತುತ್ತಿರಲಿಲ್ಲ. ಬಾರಿಸಿದರೆ ಮೆರವಣಿಗೆಯ ನಡಿಗೆ. ಹೊಳೆ ದಂಡೆಯಲ್ಲಿ ಹೀರೊ ವಿಲನ್‌ನನ್ನು ಅಟ್ಟಿಸಿಕೊಂಡು ಹೋಗಬೇಕಿತ್ತು. ನಾವು ಪಕ್ಕದಲ್ಲೇ ಬಾರಿಸುತ್ತಾ ನಡೆದೆವು, ಕುದುರೆಯೂ ಗಂಭೀರವಾಗಿ ನಡೆಯಿತು. ಮುಂದೆ ಓಡುತ್ತಿದ್ದ ವಿಲನ್ ನಿಂತು, ತಿರುಗಿ ನೋಡಿ ಕೇಳಿದ:

"ಅಣ್ಣಾ, ನಾನು ಬಂದಿರೋದು ತಪ್ಪಿಸ್ಕಂಡು ಓಡಾಕೋ, ಬೀಗರನ್ನ ಎದುರುಗೊಳ್ಳಾಕೋ?"

ಖಾಲಿ ದೋಸೆ

ನ್ಯಾಮತಿಯ ಒಂದು ಹೋಟೆಲ್ ನಮ್ಮ ದರೋಡೆಕೋರರ ಅಡ್ಡೆ. ಮಾಲೀಕರು ಜಾಗ ಕೊಟ್ಟರು, ವ್ಯಾಪಾರ ನಿಲ್ಲಿಸಲು ಮಾತ್ರ ಒಪ್ಪಲಿಲ್ಲ. ಹೀರೊ ಬಾಗಿಲು ಒದ್ದು ಒಳಗೆ ಬಂದು, ಪಿಸ್ತೂಲು ತೋರಿಸಿ, "ಎಲ್ಲರೂ ಕೈ ಎತ್ತಿ" ಎಂದ. ದರೋಡೆಕೋರರ ನಡುವೆ ಕೂತು ಖಾಲಿ ದೋಸೆ ತಿನ್ನುತ್ತಿದ್ದ ಹಿರಿಯ ಗಿರಾಕಿಯೊಬ್ಬರು ಎಡಗೈ ಎತ್ತಿದರು.

"ಬಲಗೈಗೆ ಇನ್ನೊಂದು ದೋಸೆ ಐತೆ, ತಡ್ಕಳಪ್ಪ."

ಕೊನೆಯ ಗುಂಡು

ಜಗಳೂರು ಕಡೆಯ ಸೊಕ್ಕೆಯಲ್ಲಿ ಕ್ಲೈಮ್ಯಾಕ್ಸ್. ನೋಡಲು ಬಂದ ಊರವರಿಗೆಲ್ಲ ಮಂಡಕ್ಕಿ ಹಂಚಿ ಸುತ್ತ ಕೂರಿಸಿದ್ದೆವು. ಹೊತ್ತು ಮುಳುಗುತ್ತಿತ್ತು, ಕ್ಯಾಮೆರಾದ ಬ್ಯಾಟರಿಯೂ ಮುಗಿಯುತ್ತಾ ಬಂದಿತ್ತು. "ಇದೊಂದು ಕೆಟ್ಟರೆ ಸಿನಿಮಾನೇ ಇಲ್ಲ" ಎಂದರು ನಿರ್ದೇಶಕರು.

ಹೀರೊ, ವಿಲನ್ ಎದುರುಬದುರು ನಿಂತರು. ಟೋಪಿ ಹಾಕಿಕೊಂಡು, ವಾದ್ಯ ಹಿಡಿದು ನಾವು ಅವರ ಹಿಂದೆ ನಿಂತೆವು. ವಿಲನ್ ಕೈ ಎತ್ತಿ ಇಳಿಸಿದ ಕೂಡಲೇ ಇಬ್ಬರೂ ಗುಂಡು ಹಾರಿಸಬೇಕು. ವಿಲನ್ ಕೈ ಎತ್ತಿದ.

ತಾಳಿ ಕಟ್ಟುವಾಗ ಅಯ್ಯನವರು ಕೈ ಎತ್ತಿದರೆ ಗಟ್ಟಿಮೇಳ ಬಾರಿಸುವುದು ನಮ್ಮ ಜೀವಮಾನದ ಕೆಲಸ. ಮಾಸ್ಟರ್ ಡೋಲು ಬಡಿದರು, ಹಿಂದೆಯೇ ನಾವೆಲ್ಲ ಊದಿದೆವು. ಗಟ್ಟಿಮೇಳ ಕೇಳಿದ್ದೇ ತಡ, ಊರಿನ ಹೆಂಗಸರು ಎದ್ದು ಕೈಯಲ್ಲಿದ್ದ ಮಂಡಕ್ಕಿಯನ್ನು ಅಕ್ಷತೆಯಂತೆ ಇಬ್ಬರ ತಲೆಗೂ ಹಾಕಿದರು. ಅಲ್ಲಿಗೆ ಬ್ಯಾಟರಿ ಮುಗಿಯಿತು.

"ಇದೇ ಕ್ಲೈಮ್ಯಾಕ್ಸು, ನಾನಂತೂ ಬಿಡಲ್ಲ" ಎಂದರು ನಿರ್ದೇಶಕರು.

ಚನ್ನಗಿರಿಯಲ್ಲಿ ತೋರಿಸಿದಾಗ ಜನ ಬಿದ್ದು ಬಿದ್ದು ನಕ್ಕರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಾಸ್ಟರ್ ಮಾತ್ರ ಟೋಪಿ ಹಾಕಿಕೊಂಡೇ ನೆಟ್ಟಗೆ ಕೂತಿದ್ದರು. ಚಿತ್ರ ಮುಗಿದ ಮೇಲೆ ನಲ್ಲೂರಿನ ಒಬ್ಬ ಯಜಮಾನರು ಅವರ ಹತ್ತಿರ ಬಂದರು.

"ಮಗಳ ಮದುವೆ ಐತೆ ಮಾಸ್ಟ್ರೇ. ಡಿಜೆ ಬ್ಯಾಡ, ನೀವೇ ಬರ್ರಿ."

ಮಾಸ್ಟರ್ ಕಣ್ಣಲ್ಲಿ ನೀರು ಬಂತು. "ಖಂಡಿತ ಬರ್ತೀವ್ರಿ."

"ಆ ವಿಲನ್ನನ್ನೂ ಕರ್ಕಂಡು ಬರ್ರಿ. ನಮ್ಮ ಐನೋರು ಕೈ ಎತ್ತಾಕೆ ಬಾಳ ತಡ ಮಾಡ್ತಾರೆ."